ಭಾನುವಾರ ರಾತ್ರಿಯ ಜಗಳ: ಡೈವೋರ್ಸ್ ನಂತರದ ಒಂದು ಮೀಡಿಯೇಷನ್ ಪ್ರಕರಣ

ತಕರಾರು ಇರುವ ಇಬ್ಬರು ತಾವೇ ಮಾತಾಡಿ ತೀರ್ಮಾನಕ್ಕೆ ಬರಲು, ಯಾರ ಪರವೂ ವಹಿಸದ ಮೂರನೆಯವರು ನೆರವಾಗುವುದು ಮೀಡಿಯೇಷನ್. ಅದು ನನ್ನ ಕೆಲಸ. ಈ ತಂದೆ ತಾಯಿ ಮೀಡಿಯೇಷನ್‌ಗೆ ಬಂದಾಗ ಡೈವೋರ್ಸ್ ಆಗಿ ಒಂದು ವರ್ಷದ ಮೇಲಾಗಿತ್ತು. ಕೋರ್ಟಿನ ಆದೇಶ ಇಬ್ಬರ ಕೈಯಲ್ಲೂ ಇತ್ತು. ಮಕ್ಕಳು ತಾಯಿಯ ಹತ್ತಿರ ಇರಬೇಕು, ತಂದೆಗೆ ಸೂಕ್ತ ರೀತಿಯಲ್ಲಿ ಭೇಟಿಗೆ ಅವಕಾಶ ಕೊಡಬೇಕು, ತಂದೆ ಮಕ್ಕಳ ಖರ್ಚಿಗೆ ತಿಂಗಳಿಗೆ ಇಷ್ಟು ಹಣ ಕೊಡಬೇಕು. ಅದರಲ್ಲಿದ್ದದ್ದು ಇಷ್ಟೇ. ವಾರಕ್ಕೆ ಎಷ್ಟು ದಿನ, ರಾತ್ರಿ ಉಳಿಯಬಹುದಾ, ರಜೆಯಲ್ಲಿ ಏನು ಮಾಡಬೇಕು, ಯಾರು ಕರೆದುಕೊಂಡು ಹೋಗಬೇಕು, ಯಾರು ತಂದು ಬಿಡಬೇಕು, ಒಂದೂ ಇರಲಿಲ್ಲ. ವರ್ಷವಿಡೀ ಜಗಳ ನಡೆದಿದ್ದು ಆದೇಶ ಹೇಳದೆ ಬಿಟ್ಟ ಈ ವಿಷಯಗಳ ಮೇಲೆಯೇ.

ಮಗಳಿಗೆ 11 ವರ್ಷ, ಮಗನಿಗೆ 6. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವವರು. ತಂದೆಯ ಸಂಬಳ ಸ್ವಲ್ಪ ಜಾಸ್ತಿ. ಮನೆ ಇಬ್ಬರ ಹೆಸರಿನಲ್ಲಿತ್ತು, ಮನೆ ಸಾಲವೂ ಇಬ್ಬರ ಹೆಸರಿನಲ್ಲಿತ್ತು. ತಾಯಿ ಮತ್ತು ಮಕ್ಕಳು ಅದೇ ಮನೆಯಲ್ಲಿದ್ದರು, ತಂದೆ ಬಾಡಿಗೆ ಮನೆಯಲ್ಲಿ. ಭೇಟಿಗೆ ಅಡ್ಡಿ ಮಾಡುತ್ತಿದ್ದಾರೆ ಅಂತ ತಂದೆ ಕೋರ್ಟಿಗೆ ಅರ್ಜಿ ಹಾಕಿದ್ದರು. ಖರ್ಚಿನ ಹಣ ಹೆಚ್ಚಿಸಬೇಕು ಅಂತ ತಾಯಿ ಅರ್ಜಿ ಹಾಕಿದ್ದರು. ಅದು ವಿಚಾರಣೆಗೆ ಬರುವ ಮೊದಲು ಒಮ್ಮೆ ಕೂತು ಮಾತಾಡಿ ನೋಡಿ ಅಂತ ಎರಡೂ ಕಡೆಯ ವಕೀಲರು ಹೇಳಿ ಕಳಿಸಿದ್ದರು.

ಮೀಡಿಯೇಷನ್ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಆದ್ದರಿಂದ ಇಲ್ಲಿ ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬೇರೆ ಕುಟುಂಬಗಳಲ್ಲಿ ಕಂಡ ಸಂಗತಿಗಳೂ ಇದರಲ್ಲಿ ಸೇರಿವೆ. ಇಂಥ ಗಂಟು ಹೇಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಇಂಥವರನ್ನು ನೋಡಿ "ಹೊಂದಾಣಿಕೆನೇ ಇಲ್ಲ" ಅಂತ ಜನ ಸುಲಭವಾಗಿ ಹೇಳಿಬಿಡುತ್ತಾರೆ. ಹೊಂದಾಣಿಕೆ ಇಲ್ಲದ್ದಕ್ಕೇ ಅಲ್ವಾ ಬೇರೆಯಾಗಿದ್ದು? ಅದನ್ನು ಮತ್ತೆ ಹುಟ್ಟಿಸಲು ಮೀಡಿಯೇಟರ್ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಂದಾಣಿಕೆ ಇಲ್ಲದಿದ್ದರೂ ಮಕ್ಕಳ ದಿನಚರಿ ನಡೆದುಕೊಂಡು ಹೋಗಬೇಕು. ಅಂಥ ಏರ್ಪಾಡನ್ನು ಇಬ್ಬರ ಕೈಯಿಂದಲೇ ಮಾಡಿಸುವುದು ನಮ್ಮ ಕೆಲಸ.

ಮೊದಲು ಒಬ್ಬೊಬ್ಬರೇ

ಇಬ್ಬರನ್ನೂ ಒಟ್ಟಿಗೆ ಕೂರಿಸುವ ಮೊದಲು ಬೇರೆ ಬೇರೆ ದಿನ, ಬೇರೆ ಬೇರೆಯಾಗಿ ಭೇಟಿ ಮಾಡಿದೆ. ಇದನ್ನು ಎಂದೂ ಬಿಡಬಾರದು. ಹೊಡೆತ, ಬೆದರಿಕೆ, ಹಣದ ಮೇಲಿನ ಹಿಡಿತ, ಫೋನ್ ತಪಾಸಣೆ, ಹಿಂಬಾಲಿಸುವುದು, ಇವೆಲ್ಲವನ್ನೂ ನೇರವಾಗಿ ಕೇಳಬೇಕು. ಒಬ್ಬರು ಇನ್ನೊಬ್ಬರಿಗೆ ಹೆದರುತ್ತಿದ್ದರೆ ಒಂದೇ ಮೇಜಿನ ಮುಂದೆ ಕೂರಿಸಿ "ಮಾತಾಡಿ ಬಗೆಹರಿಸಿಕೊಳ್ಳಿ" ಅನ್ನುವುದು ದೊಡ್ಡ ಅನ್ಯಾಯ. ಅಲ್ಲಿ ಬರುವ ಒಪ್ಪಿಗೆ ಭಯದಿಂದ ಬಂದದ್ದು. ಮಹಿಳೆಯರ ಮೇಲಿನ ದೌರ್ಜನ್ಯ ತಡೆಯಲು 2011ರಲ್ಲಿ ಯುರೋಪಿನಲ್ಲಿ ಸಿದ್ಧವಾದ ಇಸ್ತಾಂಬುಲ್ ಒಪ್ಪಂದದ 48ನೆಯ ವಿಧಿ ಇದನ್ನೇ ಹೇಳುತ್ತದೆ. ದೌರ್ಜನ್ಯ ನಡೆದಿರುವ ಕಡೆ ಮೀಡಿಯೇಷನ್ ಅನ್ನು ಕಡ್ಡಾಯ ಮಾಡಬಾರದು.

ಈ ಪ್ರಕರಣದಲ್ಲಿ ಅಂಥದ್ದು ಇರಲಿಲ್ಲ. ಸಿಟ್ಟು ಇತ್ತು, ನೋವು ಇತ್ತು, ಭಯ ಇರಲಿಲ್ಲ. ಆದರೂ "ಇವರ ಮುಂದೆ ಕೂತರೆ ನನಗೆ ಮಾತೇ ಹೊರಡುವುದಿಲ್ಲ" ಅಂತ ತಾಯಿ ಹೇಳಿದರು. ಜಗಳ ಶುರುವಾದರೆ ತಂದೆ ವಕೀಲರ ಹಾಗೆ ಪಾಯಿಂಟ್ ಹಾಕುತ್ತಾ ಹೋಗುತ್ತಾರಂತೆ. ಅದಕ್ಕೆ ಮೊದಲೇ ಒಂದು ಕ್ರಮ ಇಟ್ಟುಕೊಂಡೆವು. ಯಾರಿಗೆ ಬೇಕಾದರೂ, ಕಾರಣ ಹೇಳದೆ, ಮಾತು ನಿಲ್ಲಿಸಿ ಬೇರೆ ಕೋಣೆಗೆ ಹೋಗಬಹುದು. ಆಗ ನಾನು ಎರಡು ಕೋಣೆಗಳ ನಡುವೆ ಓಡಾಡುತ್ತೇನೆ.

ತಂದೆಯ ಭೇಟಿಯಲ್ಲಿ ಬೇರೆಯದೇ ವಿಷಯ ಕೇಳಿಬಂತು. ಅವರು ಫೈಲ್ ಹಿಡಿದುಕೊಂಡು ಬಂದಿದ್ದರು. ಯಾವ ಭಾನುವಾರ ಮಕ್ಕಳನ್ನು ಎಷ್ಟು ನಿಮಿಷ ತಡವಾಗಿ ಕಳಿಸಿದರು ಅನ್ನುವುದೆಲ್ಲ ಅದರಲ್ಲಿತ್ತು. ಫೈಲ್ ಮುಚ್ಚಿದ ಮೇಲೆ ಅವರು ಹೇಳಿದ್ದು ಇದು: "ಮಗ ನಮ್ಮ ಮನೆಗೆ ಬಂದರೆ ಶೂ ಬಿಚ್ಚಿ ಎಲ್ಲಿಡಬೇಕು ಅಂತ ನನ್ನನ್ನು ಕೇಳ್ತಾನೆ. ನೆಂಟರ ಮನೆಗೆ ಬಂದವರ ಹಾಗೆ." ಫೈಲಿನಲ್ಲಿದ್ದದ್ದಕ್ಕಿಂತ ನನಗೆ ಈ ಮಾತೇ ಮುಖ್ಯ ಅನಿಸಿತು.

ಈ ಪದ್ಧತಿ ಬಂದದ್ದು ಎಲ್ಲಿಂದ

ಒಂದು ಮಾತು ಇಲ್ಲಿ ಹೇಳಬೇಕು. ಹಿರಿಯರು ಕೂತು ರಾಜಿ ಮಾಡಿಸುವುದು ಬಹಳಷ್ಟು ಸಮಾಜಗಳಲ್ಲಿ ಹಿಂದಿನಿಂದ ಇದೆ. ಅಲ್ಲಿ ಹಿರಿಯರೇ ತೀರ್ಮಾನ ಹೇಳುತ್ತಾರೆ. ಇಬ್ಬರೂ ತಮ್ಮ ತೀರ್ಮಾನವನ್ನು ತಾವೇ ಮಾಡಿಕೊಳ್ಳಬೇಕು, ನಡುವೆ ಕೂತವರು ಯಾರ ಪರವೂ ವಹಿಸಬಾರದು ಅನ್ನುವ ಇಂದಿನ ಕೌಟುಂಬಿಕ ಮೀಡಿಯೇಷನ್ ರೂಪುಗೊಂಡದ್ದು 1970ರ ದಶಕದಲ್ಲಿ. ಅಮೆರಿಕದ ಅಟ್ಲಾಂಟಾದ ವಕೀಲ ಓ. ಜೆ. ಕೂಗ್ಲರ್ ತಮ್ಮದೇ ಡೈವೋರ್ಸಿನ ಕಹಿ ಅನುಭವದ ನಂತರ 1974ರಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ತೆರೆದರು. 1981ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಕಸ್ಟಡಿ, ಅಂದರೆ ಮಕ್ಕಳು ಯಾರ ಹತ್ತಿರ ಇರಬೇಕು ಅನ್ನುವ ವಿಷಯಕ್ಕೆ ತಕರಾರು ಇದ್ದರೆ ವಿಚಾರಣೆಗೆ ಮೊದಲು ಮೀಡಿಯೇಷನ್ ಕಡ್ಡಾಯವಾಯಿತು. ನಾರ್ವೆಯಲ್ಲಿ 16ರ ಒಳಗಿನ ಮಕ್ಕಳಿರುವ ದಂಪತಿ ಬೇರೆಯಾಗುವಾಗ ಕನಿಷ್ಠ ಒಂದು ಗಂಟೆ ಕೂರಲೇಬೇಕು. ಆಸ್ಟ್ರೇಲಿಯಾದಲ್ಲಿ 2006ರ ತಿದ್ದುಪಡಿಯ ನಂತರ, ಇಂಗ್ಲೆಂಡಿನಲ್ಲಿ 2014ರಿಂದ, ಹೆಚ್ಚಿನ ಪ್ರಕರಣಗಳಲ್ಲಿ ಕೋರ್ಟಿಗೆ ಹೋಗುವ ಮೊದಲು ಈ ದಾರಿಯನ್ನು ನೋಡಿಕೊಂಡು ಬರಬೇಕು. ಭಾರತದಲ್ಲಿ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಮೊದಲು ರಾಜಿಗೆ ಪ್ರಯತ್ನಿಸಬೇಕು ಅಂತ ಹೇಳುತ್ತದೆ. ಮೀಡಿಯೇಷನ್‌ಗೆಂದೇ ಪ್ರತ್ಯೇಕ ಕಾಯ್ದೆ ಬಂದದ್ದು 2023ರಲ್ಲಿ.

ಕಾನೂನು ಜನರನ್ನು ಬಾಗಿಲ ತನಕ ತರಬಹುದು ಅಷ್ಟೇ. ಒಳಗೆ ಕೂತು ಒಪ್ಪಲೇಬೇಕು ಅನ್ನುವ ಬಲವಂತ ಎಲ್ಲೂ ಇಲ್ಲ, ಇರಲೂಬಾರದು.

ಭಾನುವಾರ ರಾತ್ರಿ

ಮೊದಲ ಜಂಟಿ ಭೇಟಿಯಲ್ಲಿ ಇಬ್ಬರೂ ಒಂದೊಂದು ಬೇಡಿಕೆ ಮುಂದಿಟ್ಟರು. "ಅರ್ಧ ಅರ್ಧ. ಒಂದು ವಾರ ನನ್ನ ಹತ್ತಿರ, ಒಂದು ವಾರ ಅವಳ ಹತ್ತಿರ" ಅಂತ ತಂದೆ. "ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಸಾಕು. ರಾತ್ರಿ ಬೇಡವೇ ಬೇಡ" ಅಂತ ತಾಯಿ. ಇಲ್ಲಿಂದ ಚೌಕಾಸಿ ಶುರುಮಾಡಿದರೆ ವಾರಕ್ಕೆ ಎರಡು ದಿನ, ಎರಡೂವರೆ ದಿನ ಅಂತ ಸಂಖ್ಯೆಗಳ ನಡುವೆ ಎಲ್ಲೋ ನಿಲ್ಲಬಹುದಿತ್ತು. ಸಂಖ್ಯೆ ಸಿಕ್ಕಿದರೂ ಜಗಳ ಮುಗಿಯುತ್ತಿರಲಿಲ್ಲ.

ನಾನು ಬೇರೆ ಪ್ರಶ್ನೆ ಕೇಳಿದೆ. "ಕಳೆದ ಭಾನುವಾರ ಏನಾಯ್ತು? ಗಂಟೆ ಗಂಟೆಯ ಪ್ರಕಾರ ಹೇಳಿ."

ಇಬ್ಬರ ಫೋನಿನಲ್ಲೂ ಇದ್ದ ಮೆಸೇಜ್‌ಗಳನ್ನು ಅವರ ಒಪ್ಪಿಗೆಯಿಂದ ಪ್ರಿಂಟ್ ತೆಗೆದೆವು. ಒಂದು ಪುಟದಷ್ಟಿತ್ತು. "7 ಗಂಟೆಗೆ ಬಿಡ್ತೀನಿ ಅಂದಿದ್ರಿ." "ಟ್ರಾಫಿಕ್." "ಪ್ರತಿ ಸಲ ಟ್ರಾಫಿಕ್." "ಅವರು ನನಗೂ ಮಕ್ಕಳು." "ನಾಳೆ ಬೆಳಗ್ಗೆ ಎಬ್ಬಿಸೋದು ನಾನು, ನೀವಲ್ಲ." "ನಿನಗೆ ಯಾವಾಗಲೂ ಏನಾದರೂ ಒಂದು ಇರಬೇಕು." ಹೀಗೇ ರಾತ್ರಿ 11ರವರೆಗೆ. ಇಬ್ಬರಿಗೂ ಒಂದೊಂದು ಪೆನ್ ಕೊಟ್ಟು, ಮಕ್ಕಳಿಗೆ ಸಂಬಂಧಿಸಿದ ಸಾಲುಗಳಿಗೆ ಮಾತ್ರ ಗೆರೆ ಎಳೆಯಿರಿ ಅಂದೆ. ಇಡೀ ಪುಟದಲ್ಲಿ ಮೂರು ಸಾಲುಗಳಿಗೆ ಗೆರೆ ಬಿತ್ತು. ಇಬ್ಬರೂ ಗೆರೆ ಎಳೆದದ್ದು ಅದೇ ಮೂರಕ್ಕೆ.

ಆ ಮೂರರಲ್ಲಿ ಒಂದು ತಾಯಿಯ ಮೆಸೇಜ್: "ಇವತ್ತೂ ಅವನು ನಿದ್ದೆ ಮಾಡ್ತಿಲ್ಲ."

ಅದನ್ನೇ ಹಿಡಿದು ಕೇಳುತ್ತಾ ಹೋದೆ. ಭಾನುವಾರ ರಾತ್ರಿ ಮಗ ತಡವಾಗಿ ಮಲಗುತ್ತಾನೆ. ಸೋಮವಾರ ಬೆಳಗ್ಗೆ ಏಳುವುದಿಲ್ಲ, ಅಳುತ್ತಾನೆ, ಹೋಮ್‌ವರ್ಕ್ ಆಗಿರುವುದಿಲ್ಲ. ತಾಯಿ ಕೆಲಸಕ್ಕೆ ತಡವಾಗಿ ಹೋಗುತ್ತಾರೆ, ಆಫೀಸಿನಲ್ಲಿ ಮಾತು ಕೇಳುತ್ತಾರೆ. ಭಾನುವಾರ ಸಂಜೆ 7 ದಾಟಿದರೆ ಅವರಿಗೆ ಸೋಮವಾರ ಬೆಳಗ್ಗೆ ಕಣ್ಣ ಮುಂದೆ ಬರುತ್ತದೆ. ಅವರಿಗೆ ತಂದೆಯ ಜೊತೆ ಮಕ್ಕಳು ಇರುವುದೇ ಬೇಡ ಅಂತ ಇರಲಿಲ್ಲ. ಸೋಮವಾರ ಬೆಳಗ್ಗೆ ಹಾಗಾಗಬಾರದು ಅಂತ ಇತ್ತು.

ತಂದೆಗೆ ಇದು ಗೊತ್ತೇ ಇರಲಿಲ್ಲ. "ನನಗೆ ಇದನ್ನು ಯಾಕೆ ಹೇಳಲಿಲ್ಲ?" ಅಂದರು. "ಹೇಳಿದ್ದೆ. ನೀವು ಅದನ್ನು ದೂರು ಅಂದುಕೊಂಡ್ರಿ" ಅಂದರು ತಾಯಿ. ಇಬ್ಬರೂ ಹೇಳಿದ್ದು ನಿಜ.

ಇನ್ನೂ ಒಂದು ಸಣ್ಣ ವಿಷಯ ಹೊರಬಿತ್ತು. ಹಿಂದೆ ಒಮ್ಮೆ ಮಗ ತಂದೆಯ ಮನೆಯಲ್ಲಿ ರಾತ್ರಿ ಉಳಿದಾಗ ಕಣ್ಣೇ ಮುಚ್ಚಿರಲಿಲ್ಲ. ಅವನಿಗೆ ಒಂದು ಹಳೇ ಹೊದಿಕೆ ಬೇಕು. ಅದಿಲ್ಲದೆ ನಿದ್ದೆ ಬರುವುದಿಲ್ಲ. ಒಮ್ಮೆ ಕಳಿಸಿದಾಗ ಅದು ವಾರಗಟ್ಟಲೆ ವಾಪಸ್ ಬಂದಿರಲಿಲ್ಲ. ಆಮೇಲೆ ತಾಯಿ ಕಳಿಸುವುದನ್ನೇ ನಿಲ್ಲಿಸಿದ್ದರು. ತಂದೆ ಹೊಸದೊಂದು ತಂದಿದ್ದರು, ಅವನಿಗೆ ಅದು ಬೇಕಾಗಿರಲಿಲ್ಲ. ಕೋರ್ಟಿನ ಯಾವ ಅರ್ಜಿಯಲ್ಲೂ ಹೊದಿಕೆಯ ಮಾತು ಬರುವುದಿಲ್ಲ. "ಮಗು ತಂದೆಯ ಮನೆಯಲ್ಲಿ ನೆಮ್ಮದಿಯಾಗಿಲ್ಲ" ಅಂತ ಬರೆದಿತ್ತು, ಅಷ್ಟೇ.

ಆಮೇಲಿನ ಮಾತು ಸಲೀಸಾಗಿ ನಡೆಯಿತು ಅಂತ ಹೇಳಲಾರೆ. ಆದರೆ ಜಗಳ ನಿಜವಾಗಿ ಎಲ್ಲಿದೆ ಅಂತ ಗೊತ್ತಾಗಿತ್ತು. ಭೇಟಿಯನ್ನು ಭಾನುವಾರ ಸಂಜೆಯಿಂದ ಹಿಂದಕ್ಕೆ, ಶುಕ್ರವಾರದ ಕಡೆಗೆ ಎಳೆದೆವು. ಎರಡು ವಾರಕ್ಕೊಮ್ಮೆ ಶುಕ್ರವಾರ ಶಾಲೆ ಬಿಟ್ಟ ಮೇಲಿನಿಂದ ಭಾನುವಾರ ಮಧ್ಯಾಹ್ನ 3ರವರೆಗೆ ಮಕ್ಕಳು ತಂದೆಯ ಮನೆಯಲ್ಲಿ. ಭಾನುವಾರ ಸಂಜೆ ಪೂರ್ತಿ ತಾಯಿಯ ಮನೆಯಲ್ಲಿ, ಸೋಮವಾರಕ್ಕೆ ತಯಾರಾಗಲು. ಜೊತೆಗೆ ಪ್ರತಿ ವಾರ ಒಂದು ಕೆಲಸದ ದಿನದ ಸಂಜೆ ತಂದೆಯ ಹತ್ತಿರ. ಅವತ್ತಿನ ಹೋಮ್‌ವರ್ಕ್ ಅವರೇ ಮಾಡಿಸಬೇಕು.

ಹೋಮ್‌ವರ್ಕ್ ಬೇಕು ಅಂತ ಕೇಳಿದ್ದು ತಂದೆಯೇ. ಬರೀ ಸಿನಿಮಾ, ಪಾರ್ಕ್ ಸುತ್ತುವ ಭಾನುವಾರದ ಅಪ್ಪ ಆಗುವುದು ಅವರಿಗೆ ಬೇಡವಾಗಿತ್ತು. ಮಕ್ಕಳ ಜೊತೆ ಕಳೆಯುವ ಗಂಟೆಗಳನ್ನು ಎಣಿಸುವುದಕ್ಕಿಂತ ಆ ಗಂಟೆಗಳಲ್ಲಿ ಏನು ನಡೆಯುತ್ತದೆ ಅನ್ನುವುದು ಮುಖ್ಯ ಅಂತ ನಾನೂ ನಂಬಿದ್ದೇನೆ. ಊಟ, ಪಾಠ, ನಿದ್ದೆ, ಜ್ವರ ಬಂದಾಗಿನ ಔಷಧಿ, ಇವೆಲ್ಲ ಇದ್ದರೆ ಮಗುವಿಗೆ ಅದೂ ತನ್ನ ಮನೆ ಅನಿಸುತ್ತದೆ.

ಮಕ್ಕಳನ್ನು ಕೈ ಬದಲಾಯಿಸುವ ಜಾಗವನ್ನೂ ಬದಲಿಸಿದೆವು. ಶುಕ್ರವಾರ ತಂದೆ ಶಾಲೆಯಿಂದಲೇ ಕರೆದುಕೊಂಡು ಹೋಗುತ್ತಾರೆ. ಮನೆ ಗೇಟಿನ ಮುಂದೆ ಇಬ್ಬರೂ ಎದುರಾಗುವುದಿಲ್ಲ, ಮಕ್ಕಳ ಮುಂದೆ ಮಾತಿಗೆ ಮಾತು ಬೆಳೆಯುವುದಿಲ್ಲ. ಸಿಟ್ಟು ಇನ್ನೂ ಆರದ ದಂಪತಿಗೆ ಇಷ್ಟು ಉಪಯೋಗವಾಗುವ ಏರ್ಪಾಡು ಬೇರೆ ಇಲ್ಲ ಅಂತ ಅನುಭವದಿಂದ ಹೇಳುತ್ತೇನೆ. ಯಾವ ಸಾಮಾನು ಮಕ್ಕಳ ಜೊತೆ ಓಡಾಡಬೇಕು, ಯಾವುದು ಎರಡೂ ಮನೆಯಲ್ಲಿ ಒಂದೊಂದು ಇರಬೇಕು ಅಂತ ಪಟ್ಟಿಯಾಯಿತು. ಹೊದಿಕೆ, ಮಗಳ ಕನ್ನಡಕ, ಶಾಲೆಯ ಚೀಲ ಓಡಾಡುವ ಪಟ್ಟಿಗೆ ಹೋದವು.

ಮಗಳ ನೋಟ್‌ಬುಕ್

ಮಕ್ಕಳನ್ನು ಮೀಡಿಯೇಷನ್ ಕೋಣೆಗೆ ತರಬೇಕಾ ಅನ್ನುವ ಪ್ರಶ್ನೆ ಬಂತು. ತಂದೆ ತಾಯಿಯ ನಡುವೆ ಕೂರಿಸಿ ಕೇಳುವುದು ತಪ್ಪು. ಹಾಗಂತ ಕೇಳದೇ ಇರುವುದೂ ಸರಿಯಲ್ಲ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಅದಕ್ಕೆ ಒಂದು ದಾರಿ ಇದೆ. ಮಕ್ಕಳ ಜೊತೆ ಮಾತಾಡಲು ತರಬೇತಿ ಪಡೆದ ಬೇರೊಬ್ಬರು ಮಗುವನ್ನು ಭೇಟಿ ಮಾಡುತ್ತಾರೆ. ಮಗು ಒಪ್ಪಿದ್ದನ್ನು ಮಾತ್ರ ತಂದೆ ತಾಯಿಗೆ ತಿಳಿಸುತ್ತಾರೆ. ಆಸ್ಟ್ರೇಲಿಯಾದ ಜೆನಿಫರ್ ಮೆಕಿಂಟಾಷ್ ಮತ್ತು ಸಂಗಡಿಗರು ಈ ರೀತಿಯ ಮೀಡಿಯೇಷನ್ ಬಗ್ಗೆ 2008ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ಮಕ್ಕಳ ಮಾತನ್ನು ಹೀಗೆ ಒಳಗೆ ತಂದಾಗ ಒಪ್ಪಂದಗಳು ಜಾಸ್ತಿ ಬಾಳಿಕೆ ಬಂದವು ಅಂತ ಅವರು ಕಂಡುಕೊಂಡರು.

ಈ ಮಗಳು ಮಾತಾಡಲು ಒಪ್ಪಿದಳು. ಅವಳ ಹತ್ತಿರ ಒಂದು ಚಿಕ್ಕ ನೋಟ್‌ಬುಕ್ ಇತ್ತು. ಅಮ್ಮನ ಜೊತೆ ಎಷ್ಟು ಹೊತ್ತು, ಅಪ್ಪನ ಜೊತೆ ಎಷ್ಟು ಹೊತ್ತು ಅಂತ ಅದರಲ್ಲಿ ಬರೆದಿಡುತ್ತಿದ್ದಳು. ಯಾರಿಗೂ ಕಡಿಮೆ ಆಗಬಾರದು ಅಂತ. ಅಪ್ಪನ ಮನೆಯಲ್ಲಿ ಅರ್ಧ ಗಂಟೆ ಜಾಸ್ತಿ ಕೂತರೆ, ಮುಂದಿನ ವಾರ ಗೆಳತಿಯರ ಜೊತೆ ಆಡುವುದನ್ನು ಬಿಟ್ಟು ಅಮ್ಮನ ಹತ್ತಿರ ಕೂರುತ್ತಿದ್ದಳು. ತಂದೆ ತಾಯಿ ಇಬ್ಬರಿಗೂ ಇದು ಗೊತ್ತಿರಲಿಲ್ಲ.

ಹೊರಗೆ ಹೇಳಬಹುದು ಅಂತ ಅವಳು ಒಪ್ಪಿದ್ದು ಈ ನೋಟ್‌ಬುಕ್ಕಿನ ವಿಷಯ, ಮತ್ತೆ ಎರಡು ಕೋರಿಕೆ. ಯಾರ ಮನೆ ಇಷ್ಟ ಅಂತ ಕೇಳಬೇಡಿ. ದುಡ್ಡಿನ ವಿಷಯ ನನ್ನ ಕೈಲಿ ಹೇಳಿ ಕಳಿಸಬೇಡಿ.

ಅದನ್ನು ಕೇಳಿ ತಂದೆ ಬಹಳ ಹೊತ್ತು ಏನೂ ಹೇಳಲಿಲ್ಲ. ತಾಯಿ ಅತ್ತರು. ಆ ದಿನ ಬೇರೆ ಯಾವ ಚರ್ಚೆಯನ್ನೂ ಇಟ್ಟುಕೊಳ್ಳಲಿಲ್ಲ. ಮಗಳು ಹೇಳಿದ ಎರಡೂ ಮಾತು ಒಪ್ಪಂದದ ಮೊದಲ ಎರಡು ಸಾಲುಗಳಾದವು. ಅವಳದೇ ಶಬ್ದಗಳಲ್ಲಿ ಬರೆದೆವು.

ಹಣ

ಇಲ್ಲಿ ಸಿಟ್ಟು ಜಾಸ್ತಿ ಇತ್ತು, ಗೊಂದಲ ಇನ್ನೂ ಜಾಸ್ತಿ ಇತ್ತು. ಎರಡು ತಿಂಗಳು ತಂದೆ ಹಣ ಕೊಟ್ಟಿರಲಿಲ್ಲ, ಮಕ್ಕಳನ್ನು ಕಳಿಸಲಿಲ್ಲ ಅಂತ. ತಾಯಿ ಮಕ್ಕಳನ್ನು ಕಳಿಸಿರಲಿಲ್ಲ, ಹಣ ಬರಲಿಲ್ಲ ಅಂತ. ಯಾವುದು ಮೊದಲು ಅಂತ ಹುಡುಕಲು ಹೋಗಲಿಲ್ಲ. ಈ ಎರಡನ್ನೂ ಒಂದಕ್ಕೊಂದು ಗಂಟು ಹಾಕಬಾರದು. ಸಾಮಾನ್ಯವಾಗಿ ಕೋರ್ಟುಗಳೂ ಹೀಗೇ ನೋಡುತ್ತವೆ. ಖರ್ಚಿನ ಹಣ ಮಗುವಿಗೆ ಸೇರಬೇಕಾದದ್ದು, ತಂದೆಯ ಜೊತೆಗಿನ ಸಮಯವೂ ಮಗುವಿಗೆ ಸೇರಬೇಕಾದದ್ದು. ಮಗುವಿನ ಒಂದು ಪಾಲನ್ನು ಹಿಡಿದಿಟ್ಟು ಇನ್ನೊಂದು ಪಾಲಿಗೆ ಒತ್ತಾಯ ಮಾಡುವುದು ಎಷ್ಟು ಸರಿ?

ಇಬ್ಬರೂ ತಮ್ಮ ಆದಾಯ, ಸಾಲ, ಉಳಿತಾಯ, ತಿಂಗಳ ಖರ್ಚು ಎಲ್ಲವನ್ನೂ ದಾಖಲೆ ಸಮೇತ ಮೇಜಿನ ಮೇಲೆ ಇಡಬೇಕು ಅಂತ ಕೇಳಿದೆ. ಈ ಹಂತ ತಪ್ಪಿಸಿ ಮಾಡಿದ ಒಪ್ಪಂದಕ್ಕೆ ಅರ್ಥ ಇಲ್ಲ. ಒಬ್ಬರು ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಇಡೀ ಒಪ್ಪಂದವೇ ಕುಸಿಯಬಹುದು. ಲೆಕ್ಕ ಹಾಕಿದಾಗ ಇಬ್ಬರ ಆದಾಯ ಹೆಚ್ಚು ಕಡಿಮೆ 60ಕ್ಕೆ 40ರ ಹಾಗೆ ಬಂತು. ತಿಂಗಳ ಹಣದ ಜೊತೆಗೆ ಶಾಲೆಯ ಫೀಸು, ವೈದ್ಯರ ಖರ್ಚು, ಕ್ಲಾಸುಗಳ ಖರ್ಚನ್ನು ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಲು ಒಪ್ಪಿದರು.

ಆದರೆ ಪ್ರಮಾಣಕ್ಕಿಂತ ಹೇಗೆ ಕೇಳುವುದು ಅನ್ನುವುದೇ ನೋವಿನ ವಿಷಯವಾಗಿತ್ತು. "ಪ್ರತಿ ಸಲ ಕೈ ಚಾಚಬೇಕು" ಅಂತ ತಾಯಿ. "ಕೊಟ್ಟದ್ದು ಎಲ್ಲಿಗೆ ಹೋಗುತ್ತೆ ಗೊತ್ತಾಗಲ್ಲ" ಅಂತ ತಂದೆ. ಇಬ್ಬರಿಗೂ ಕಾಣುವ ಒಂದು ಶೀಟ್ ಮಾಡಿದೆವು. ತಿಂಗಳ 5ರೊಳಗೆ ಬಿಲ್ ಫೋಟೋ ಅದರಲ್ಲಿ ಹಾಕಬೇಕು, 10ರೊಳಗೆ ಲೆಕ್ಕ ಚುಕ್ತಾ ಆಗಬೇಕು. ದೊಡ್ಡ ಖರ್ಚಾದರೆ ಮೊದಲೇ ತಿಳಿಸಬೇಕು, 3 ದಿನದಲ್ಲಿ ಉತ್ತರ ಬರಬೇಕು, ಉತ್ತರ ಬರದಿದ್ದರೆ ಒಪ್ಪಿಗೆ ಅಂತ ಅರ್ಥ. ತಾಯಿ ಕೇಳುವುದೂ ಬೇಡ, ತಂದೆ ಅನುಮಾನಿಸುವುದೂ ಬೇಡ.

ಮನೆಯ ವಿಷಯ ಕಷ್ಟದ್ದು. ಬಹಳ ಜನ ಇಲ್ಲಿ ಎಡವುತ್ತಾರೆ. ಡೈವೋರ್ಸ್ ಕಾಗದದಲ್ಲಿ "ಇನ್ನು ಮುಂದೆ ಸಾಲ ಇವರು ಕಟ್ಟುತ್ತಾರೆ" ಅಂತ ಬರೆದರೆ ಇನ್ನೊಬ್ಬರು ಬಿಡುಗಡೆಯಾದರು ಅಂತ ತಿಳಿಯುತ್ತಾರೆ. ಬ್ಯಾಂಕ್ ಆ ಕಾಗದಕ್ಕೆ ಸಹಿ ಹಾಕಿಲ್ಲವಲ್ಲ. ಸಾಲದ ಪತ್ರದಲ್ಲಿ ಇಬ್ಬರ ಹೆಸರು ಇರುವವರೆಗೂ ಕಂತು ತಪ್ಪಿದರೆ ಬ್ಯಾಂಕ್ ಇಬ್ಬರನ್ನೂ ಕೇಳುತ್ತದೆ. ಈ ತಂದೆಗೆ ಆಗಿದ್ದ ತೊಂದರೆಯೂ ಇದೇ. ಹಳೇ ಸಾಲ ಅವರ ಹೆಸರಿನಲ್ಲಿ ಇರುವುದರಿಂದ, ಮಕ್ಕಳು ಬಂದರೆ ಸಾಲುವಷ್ಟು ದೊಡ್ಡ ಮನೆಗೆ ಹೊಸ ಸಾಲ ಸಿಗುತ್ತಿರಲಿಲ್ಲ. ಅದಕ್ಕೆ ಮನೆ ಮಾರಿಬಿಡೋಣ ಅನ್ನುತ್ತಿದ್ದರು. ನಮ್ಮನ್ನು ಬೀದಿಗೆ ಹಾಕುತ್ತಾರೆ ಅಂತ ತಾಯಿ ಅದನ್ನು ಅರ್ಥ ಮಾಡಿಕೊಂಡಿದ್ದರು.

ತಾಯಿಯ ಸಂಬಳ ಒಂದರ ಮೇಲೆ ಸಾಲ ಉಳಿಯುತ್ತದಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿ ಬನ್ನಿ ಅಂತ ಕಳಿಸಿದೆ. ಈಗಿನ ಅವಧಿಗೆ ಆಗುವುದಿಲ್ಲ, ಅವಧಿ ವಿಸ್ತರಿಸಿದರೆ ಆಗುತ್ತದೆ ಅಂತ ಉತ್ತರ ಬಂತು. ಬಡ್ಡಿ ಒಟ್ಟಿನಲ್ಲಿ ಜಾಸ್ತಿಯಾಗುತ್ತದೆ ಅನ್ನುವುದನ್ನೂ ಲೆಕ್ಕ ಮಾಡಿ ನೋಡಿದರು. ಇಬ್ಬರೂ ಒಪ್ಪಿದ ಒಬ್ಬ ಮೌಲ್ಯಮಾಪಕರಿಂದ ಮನೆಯ ಬೆಲೆ ಕಟ್ಟಿಸಿದೆವು. ಕೊನೆಗೆ ತೀರ್ಮಾನ ಹೀಗಾಯಿತು. 9 ತಿಂಗಳೊಳಗೆ ಸಾಲ ತಾಯಿಯ ಹೆಸರಿಗೆ ಹೋಗಬೇಕು. ತಂದೆಯ ಪಾಲಿನಲ್ಲಿ ಒಂದು ಭಾಗವನ್ನು ತಾಯಿ ಉಳಿತಾಯದಿಂದ ಈಗಲೇ ಕೊಡಬೇಕು. ಉಳಿದದ್ದನ್ನು ಮನೆ ಮಾರಿದಾಗ ಅಥವಾ ಮಗನಿಗೆ 18 ತುಂಬಿದಾಗ, ಯಾವುದು ಮೊದಲೋ ಆಗ ಕೊಡಬೇಕು. 9 ತಿಂಗಳಲ್ಲಿ ಸಾಲ ವರ್ಗಾವಣೆ ಆಗದಿದ್ದರೆ ಮನೆ ಮಾರಾಟಕ್ಕೆ ಹೋಗಬೇಕು. ಈ ಕೊನೆಯ ಸಾಲಿಗೆ ತಾಯಿ ಒಪ್ಪಲು ಬಹಳ ಕಷ್ಟಪಟ್ಟರು. ತಮ್ಮ ವಕೀಲರ ಜೊತೆ ಮಾತಾಡಿಕೊಂಡು ಬಂದು, ಯೋಚಿಸಿ, ಆಮೇಲೆ ಹೂಂ ಅಂದರು. ನಾನು ಅವಸರ ಮಾಡಲಿಲ್ಲ. ದಣಿವಿನಿಂದ ಹಾಕಿದ ಸಹಿ ಆರು ತಿಂಗಳು ಕೂಡ ಬಾಳುವುದಿಲ್ಲ.

ಬೇರೆ ಊರಿನ ಕೆಲಸ

ಇದರ ನಡುವೆ ತಾಯಿಗೆ ಇನ್ನೊಂದು ಊರಿನಲ್ಲಿ ಕೆಲಸದ ಆಫರ್ ಬಂತು. ರಾತ್ರಿಯಿಡೀ ಪ್ರಯಾಣ ಮಾಡುವಷ್ಟು ದೂರ. ತಂದೆ ಅವತ್ತು ಕುರ್ಚಿಯಿಂದ ಎದ್ದುಬಿಟ್ಟರು. ಅಷ್ಟು ದಿನ ಕಟ್ಟಿದ್ದೆಲ್ಲ ಬಿದ್ದುಹೋಯಿತು ಅಂತ ಇಬ್ಬರಿಗೂ ಅನಿಸಿತ್ತು.

ಬೇರೆ ಬೇರೆ ಕೋಣೆಗಳಲ್ಲಿ ಮಾತಾಡಿದೆ. ಅಲ್ಲಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಂದು ಕೋಣೆಗೆ ಒಯ್ಯುವುದಿಲ್ಲ ಅಂತ ಮೊದಲೇ ಹೇಳಿದ್ದೆ. ತಾಯಿ ಹೇಳಿದರು: ಆ ಊರಿನಲ್ಲಿ ಅವರ ಅಮ್ಮ ಇದ್ದಾರೆ. ಶಾಲೆ ಬಿಟ್ಟ ಮೇಲೆ ತಾಯಿ ಮನೆಗೆ ಬರುವ ತನಕ ಮಗನನ್ನು ನೋಡಿಕೊಳ್ಳಲು ಇಲ್ಲಿ ಯಾರೂ ಇಲ್ಲ. ದಿನವೂ ಪಕ್ಕದ ಮನೆಯವರನ್ನು ಕೇಳಿ ಕೇಳಿ ಸಾಕಾಗಿದೆ. ಸಂಬಳ ಜಾಸ್ತಿ ಸಿಗುತ್ತದೆ ಅನ್ನುವುದು ಎರಡನೆಯ ವಿಷಯ.

ಇದನ್ನು ತಂದೆಗೆ ಹೇಳಬಹುದಾ ಅಂತ ಕೇಳಿದೆ. ಹೇಳಿ ಅಂದರು. ತಂದೆಯ ಕೆಲಸದಲ್ಲಿ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಇತ್ತು. ಆ ಎರಡು ಮಧ್ಯಾಹ್ನ ಮಗನನ್ನು ತಾವೇ ಕರೆದುಕೊಂಡು ಬರುತ್ತೇನೆ ಅಂದರು. ಉಳಿದ ದಿನಗಳಿಗೆ ನೋಡಿಕೊಳ್ಳುವವರನ್ನು ಗೊತ್ತುಮಾಡಿ, ಆ ಖರ್ಚನ್ನೂ 60ಕ್ಕೆ 40 ಲೆಕ್ಕಕ್ಕೆ ಸೇರಿಸಿದರು. ಆ ಸಲದ ಆಫರ್ ಅನ್ನು ತಾಯಿ ಬಿಟ್ಟರು. ಮುಂದೆ ಎಂದೂ ಹೋಗುವುದಿಲ್ಲ ಅಂತ ಬರೆದುಕೊಡಲು ಒಪ್ಪಲಿಲ್ಲ. ನನಗೂ ಅದೇ ಸರಿ ಅನಿಸಿತು. ಒಬ್ಬರ ದುಡಿಮೆಯನ್ನು ಶಾಶ್ವತವಾಗಿ ಒಂದು ಊರಿಗೆ ಕಟ್ಟಿಹಾಕುವ ಸಾಲು ಒಪ್ಪಂದದಲ್ಲಿ ಇರಬಾರದು. ಯಾರಾದರೂ ಊರು ಬದಲಿಸುವುದಾದರೆ 90 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು, ಶಾಲೆ ಬದಲಿಸುವ ಮೊದಲು ಮತ್ತೆ ಮೀಡಿಯೇಷನ್‌ಗೆ ಬರಬೇಕು ಅಂತ ಬರೆದೆವು.

ಕಾಗದಕ್ಕೆ ಬಂದದ್ದು

ಅಂತಿಮ ಸಹಿಗೆ ಮೊದಲು ಆರು ವಾರ ವೇಳಾಪಟ್ಟಿಯನ್ನು ಪ್ರಯೋಗಿಸಿ ನೋಡಿದರು. ವಾರದ ನಡುವಿನ ಸಂಜೆ ಬುಧವಾರ ಅಂತ ಇಟ್ಟಿದ್ದು ಮಗಳ ಕ್ಲಾಸಿಗೆ ಅಡ್ಡ ಬಂತು, ಗುರುವಾರಕ್ಕೆ ಹೋಯಿತು. ರಜೆಗಳ ಹಂಚಿಕೆ ಬೇಗ ಮುಗಿಯಿತು, ಅದರಲ್ಲಿ ಜಗಳವೇ ಇರಲಿಲ್ಲ. ತಡವಾದರೆ ಏನು ಅನ್ನುವ ಸಾಲಿಗೆ ಮಾತ್ರ ಸಾಕಷ್ಟು ಹೊತ್ತು ಹಿಡಿಯಿತು: 20 ನಿಮಿಷ ದಾಟುವ ಹಾಗಿದ್ದರೆ ಮೆಸೇಜ್, 45 ನಿಮಿಷ ದಾಟಿದರೆ ಆ ಸಂಜೆ ಮಕ್ಕಳು ಇದ್ದಲ್ಲೇ ಇರುತ್ತಾರೆ, ಅದಕ್ಕೆ ಬದಲಿ ದಿನ ಕೇಳುವಂತಿಲ್ಲ.

ಮೆಸೇಜ್ ಮಾಡುವುದಕ್ಕೂ ಒಂದು ಕ್ರಮ ಬಂತು. ಒಂದು ಮೆಸೇಜಿನಲ್ಲಿ ಒಂದೇ ವಿಷಯ, ಯಾವಾಗ ಉತ್ತರ ಬೇಕು ಅನ್ನುವುದೂ ಅದರಲ್ಲೇ. ರಾತ್ರಿ 9ರ ನಂತರ ತುರ್ತು ಇದ್ದರೆ ಮಾತ್ರ, ಅದೂ ಫೋನ್ ಮಾಡಿ.

ಮೀಡಿಯೇಟರ್ ನ್ಯಾಯಾಧೀಶರಲ್ಲ, ಯಾರ ವಕೀಲರೂ ಅಲ್ಲ. ಕರಡನ್ನು ಇಬ್ಬರೂ ತಮ್ಮ ತಮ್ಮ ವಕೀಲರಿಗೆ ತೋರಿಸಿದರು. ತಾಯಿಯ ವಕೀಲರು ಒಂದು ಒಳ್ಳೇ ಪ್ರಶ್ನೆ ಎತ್ತಿದರು: ತಂದೆಯ ಕೆಲಸ ಹೋದರೆ? ಯಾರದೇ ಆದಾಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೆ ಅಥವಾ ಇಳಿದರೆ ಲೆಕ್ಕವನ್ನು ಮತ್ತೆ ನೋಡಬೇಕು ಅನ್ನುವ ಸಾಲು ಸೇರಿತು. ಆಮೇಲೆ ಒಪ್ಪಂದವನ್ನು ಕೋರ್ಟಿಗೆ ಸಲ್ಲಿಸಿ ಆದೇಶದ ರೂಪಕ್ಕೆ ತಂದರು. ಎರಡೂ ಅರ್ಜಿಗಳನ್ನು ವಾಪಸ್ ಪಡೆದರು.

ಇಷ್ಟೆಲ್ಲ ಮಾಡಿದ್ದು ಮುಂದೆ ಉಳಿಯುತ್ತದಾ ಅಂತ ತಂದೆ ಒಮ್ಮೆ ಕೇಳಿದ್ದರು. ನಾನು ಅವರಿಗೆ ಅಮೆರಿಕದ ವರ್ಜೀನಿಯಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಎಮರಿ ಅವರ ಅಧ್ಯಯನದ ಬಗ್ಗೆ ಹೇಳಿದೆ. ಕಸ್ಟಡಿ ತಕರಾರಿಗೆ ಕೋರ್ಟಿಗೆ ಬಂದ ಕುಟುಂಬಗಳಲ್ಲಿ, ಚೀಟಿ ಎತ್ತುವ ರೀತಿಯಲ್ಲಿ ಕೆಲವನ್ನು ಮೀಡಿಯೇಷನ್‌ಗೂ ಕೆಲವನ್ನು ಮಾಮೂಲಿ ಕೋರ್ಟ್ ದಾರಿಗೂ ಆರಿಸಿಕೊಂಡರು. ಮೀಡಿಯೇಷನ್ ನಡೆದದ್ದು ಸರಾಸರಿ 5 ಗಂಟೆ. 12 ವರ್ಷಗಳ ನಂತರ ನೋಡಿದಾಗಲೂ, ಮೀಡಿಯೇಷನ್ ದಾರಿಯಲ್ಲಿ ಬಂದ ಕುಟುಂಬಗಳಲ್ಲಿ, ಬೇರೆ ಮನೆಯಲ್ಲಿರುವ ತಂದೆ ಅಥವಾ ತಾಯಿ ಮಕ್ಕಳ ಜೊತೆ ಎಷ್ಟೋ ಜಾಸ್ತಿ ಸಂಪರ್ಕದಲ್ಲಿದ್ದರು. ತಂದೆ ಇದನ್ನು ಬರೆದುಕೊಂಡರು.

ಆರು ತಿಂಗಳ ನಂತರ

ಪರಿಶೀಲನೆಯ ಭೇಟಿ ಒಪ್ಪಂದದಲ್ಲೇ ಇತ್ತು. ಆರು ತಿಂಗಳಲ್ಲಿ ಒಂದು ಗುರುವಾರ ತಂದೆ ಮುಕ್ಕಾಲು ಗಂಟೆಗಿಂತ ತಡವಾಗಿದ್ದರು. ಮಕ್ಕಳು ತಾಯಿಯ ಹತ್ತಿರವೇ ಉಳಿದರು. ತಂದೆಗೆ ಬೇಜಾರಾಯಿತು, ಜಗಳ ಆಗಲಿಲ್ಲ. ಹಣದ ಶೀಟ್ ನಡೆಯುತ್ತಿದೆ. ಒಮ್ಮೆ ಮಾತ್ರ ಚುಕ್ತಾ ಆಗುವುದು 10 ದಾಟಿತ್ತು. ಸಾಲ ವರ್ಗಾವಣೆಯ ಅರ್ಜಿ ಬ್ಯಾಂಕಿನಲ್ಲಿದೆ. ಮಗ ಶುಕ್ರವಾರ ರಾತ್ರಿ ನಿದ್ದೆ ಮಾಡುತ್ತಾನೆ. ಮಗಳು ನೋಟ್‌ಬುಕ್ ಬರೆಯುವುದನ್ನು ನಿಲ್ಲಿಸಿದ್ದಾಳಾ ಅಂತ ಯಾರೂ ಕೇಳಿಲ್ಲ. ಕೇಳಬಾರದು ಅಂತ ಇಬ್ಬರೂ ಸೇರಿಯೇ ತೀರ್ಮಾನಿಸಿದ್ದಾರೆ. ಅದು ಒಳ್ಳೇ ತೀರ್ಮಾನ.

ಇಬ್ಬರೂ ಈಗಲೂ ಒಬ್ಬರ ಮುಖ ಒಬ್ಬರು ನೋಡಿ ಹೆಚ್ಚು ಮಾತಾಡುವುದಿಲ್ಲ. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಇಬ್ಬರೂ ಹೋಗಿದ್ದರು, ಬೇರೆ ಬೇರೆ ಸಾಲಿನಲ್ಲಿ ಕೂತಿದ್ದರು. ಅಷ್ಟು ಸಾಕು.

ಹೊಸ ವಿಷಯ ಒಂದಿದೆ. ತಂದೆಯ ಬದುಕಿನಲ್ಲಿ ಬೇರೊಬ್ಬರು ಬಂದಿದ್ದಾರೆ. ಮಕ್ಕಳಿಗೆ ಅವರನ್ನು ಯಾವಾಗ, ಹೇಗೆ ಪರಿಚಯಿಸಬೇಕು ಅನ್ನುವುದರಲ್ಲಿ ಒಮ್ಮತ ಇಲ್ಲ. ಮಕ್ಕಳು ಉಳಿಯುವ ರಾತ್ರಿಗಳಲ್ಲಿ ಅವರು ಮನೆಯಲ್ಲಿ ಇರಬಾರದು ಅಂತ ತಾಯಿ. ತನ್ನ ಖಾಸಗಿ ಬದುಕಿನ ಮೇಲೆ ಷರತ್ತು ಹಾಕುವುದು ಸರಿಯಲ್ಲ ಅಂತ ತಂದೆ. ಮುಂದಿನ ಭೇಟಿಯವರೆಗೆ ಈಗ ಇರುವ ಹಾಗೇ ಇರಲಿ, ಪರಿಚಯ ಬೇಡ ಅನ್ನುವಲ್ಲಿಗೆ ನಿಂತಿದೆ. ಆ ಭೇಟಿಗೆ ಇದೊಂದೇ ವಿಷಯ. ತಮ್ಮ ತಮ್ಮ ಪ್ರಶ್ನೆಗಳನ್ನು ಒಂದು ವಾರ ಮೊದಲೇ ಬರೆದು ಕಳಿಸಬೇಕು ಅಂತ ಇಬ್ಬರಿಗೂ ಹೇಳಿದ್ದೇನೆ. ತಾಯಿಯದು ಬಂದಿದೆ. ತಂದೆಯದು ಬರಬೇಕು.